ಮನೆ ನೋಡುವ ಕೆಲಸ

ಜೂನ್ 12, ಗುರುವಾರ

ಸ್ಕಾಲರ್‌ಶಿಪ್ ಕೇಳಿದವರ ಎರಡು ಮನೆ ನೋಡಿ ಮುಗಿಸಿ ಊಟಕ್ಕೆ ವಾಪಸ್. ಕಲ್ಯಾಣ ನಗರದ ಮನೆ ನೆನೆಸಿಕೊಂಡರೆ ಇನ್ನೂ ನಗು. ಟಿವಿ ತೆಗೆದು ಪಕ್ಕದ ಮನೆಯಲ್ಲಿಟ್ಟಿದ್ದಾರೆ, ಗೋಡೆಯ ಸ್ಟ್ಯಾಂಡ್ ಮರೆತಿದ್ದಾರೆ. ಕಾರು ಹಿಂದಿನ ಬೀದಿಯಲ್ಲಿ. ಮನೆ ಯಜಮಾನ ಹರಿದ ಬನಿಯನ್ನಿನಲ್ಲಿ ಕೂತಿದ್ದ, ಬೆರಳಲ್ಲಿ ಉಂಗುರ ತೆಗೆದ ಬಿಳಿ ಗುರುತು. ರಿಜೆಕ್ಟ್ ಅಂತ ಬರೆದೆ. ಖುಷಿಯಾಗಿಯೇ ಬರೆದೆ, ಸುಳ್ಳು ಯಾಕೆ.

ಇನ್ಶೂರೆನ್ಸ್ ಕ್ಲೇಮ್ ತನಿಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ರಿಟೈರ್ ಆದವನು ನಾನು. ಸತ್ತವರು ಹೋಟೆಲಲ್ಲಿ ದೋಸೆ ತಿನ್ನುವುದನ್ನು ಕಂಡವನು. ಇವರು ಯಾವ ಲೆಕ್ಕ.

ಫಹ್ಮಿದಾ ಮೇಡಂ ಫೋನ್. ಸ್ಕಾಲರ್‌ಶಿಪ್ ಕೊಡುವ ಟ್ರಸ್ಟಿನ ಆಫೀಸು ನೋಡಿಕೊಳ್ಳುವವರು. ಇನ್ಮೇಲೆ ಒಂದು ದಿನ ಮುಂಚೆ ತಿಳಿಸಿ ಹೋಗಬೇಕಂತೆ, ಜನರ ಮರ್ಯಾದೆ ವಿಷಯವಂತೆ. ಬೋರ್ಡಿನವರಿಗೆ ಆ್ಯಪ್ ತರುವ ಆಸೆ — ಮನೆಯವರೇ ಫೋಟೊ ಕಳಿಸುವುದು, ಯಾರೂ ಹೋಗಬೇಕಿಲ್ಲ. "ನಿಮ್ಮ ರಿಪೋರ್ಟ್ ಒಂದೂ ತಪ್ಪಾಗಿಲ್ಲ ಅಂತ ಹೇಳೇ ಅವರನ್ನ ತಡೆದಿದ್ದೀನಿ ಸರ್" ಅಂದರು. ತಪ್ಪಾಗಲ್ಲ ಮೇಡಂ ಅಂದೆ.

ಈ ಕೆಲಸ ಹೋದರೆ ಬೆಳಗ್ಗೆ ಶರ್ಟಿಗೆ ಇಸ್ತ್ರಿ ಹಾಕಲೂ ನನಗೆ ಕಾರಣವಿಲ್ಲ.

ಜೂನ್ 16, ಸೋಮವಾರ. ಸಂಜೆ

ಹೊರಮಾವು. ಅಮರಪ್ಪ, ಸೆಂಟ್ರಿಂಗ್ ಕೆಲಸ. ಹೆಂಡತಿ ಸುಭದ್ರಮ್ಮ ಪಿಜಿಯೊಂದರಲ್ಲಿ ಅಡುಗೆ. ಯಾದಗಿರಿ ಕಡೆಯವರು, ಬಾಡಿಗೆಗೆ ಒಂದೇ ರೂಮು. ಮಗಳು ಶಾಂಭವಿ. ಪಕ್ಕದ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಎಂಎಸ್ಸಿ ಸ್ಟಾಟಿಸ್ಟಿಕ್ಸ್ ಸೀಟು. ರ‍್ಯಾಂಕ್ ಒಳ್ಳೆಯದೇ. ಆದರೆ ಹೊರಗಿನವರಿಗೆ ಅಲ್ಲಿ ಫೀಸು ಮೂರು ಪಟ್ಟು.

ಹುಡುಗಿ ಚುರುಕು. ಕೇಳುವ ಮೊದಲೇ ಎಲ್ಲ ಹೇಳಿದಳು. "ಇಲ್ಲಿ ಸ್ಕಾಲರ್‌ಶಿಪ್ ಕೇಳಿದ್ರೆ ನೀನು ಹೊರಗೆ ಓದ್ತೀಯ ಅಂತಾರೆ ಸರ್. ಅಲ್ಲಿ ಕೇಳಿದ್ರೆ ನೀನು ನಮ್ಮ ರಾಜ್ಯದವಳಲ್ಲ ಅಂತಾರೆ. ಇನ್ನು ನಿಮ್ಮ ಟ್ರಸ್ಟ್ ಒಂದೇ." ಜುಲೈ ಹತ್ತಕ್ಕೆ ಫೀಸು ಕಟ್ಟದಿದ್ದರೆ ಸೀಟು ಮುಂದಿನವರಿಗೆ.

ಪಾಪ ಅನ್ನಿಸಬೇಕಿತ್ತು. ಆದರೆ ರೂಮಲ್ಲಿ ನೋಡಿದರೆ — ಮರೂನ್ ಸೋಫಾ. ಡಬಲ್ ಡೋರ್ ಫ್ರಿಜ್. ಟೀಪಾಯಿ ಮೇಲೆ ಗಾಜಿನ ಹೂದಾನಿ. ಪಿಂಗಾಣಿ ಕಪ್ಪಿನಲ್ಲಿ ಚಹಾ, ತಟ್ಟೆ ತುಂಬ ಗೋಡಂಬಿ ಬಿಸ್ಕತ್ತು. ಅಮರಪ್ಪ ಇಸ್ತ್ರಿ ಶರ್ಟು ಹಾಕಿ, ಕೈ ಕಟ್ಟಿ ಗೋಡೆ ಪಕ್ಕ ನಿಂತಿದ್ದ. ಸುಭದ್ರಮ್ಮನ ರೇಷ್ಮೆ ಸೀರೆ.

"ಫ್ರಿಜ್ ನಿಮ್ಮದಾ?" ಕೇಳಿದೆ.

ಶಾಂಭವಿ "ಸರ್, ಅದು…" ಅಂದಳು. ತಾಯಿ ಕಣ್ಣಲ್ಲೇ ತಡೆದಳು. "ನಮ್ದ ರೀ ಸಾಹೇಬ್ರ."

ಆ ಕಣ್ಣು ನನಗೆ ಗೊತ್ತು. ಮುಚ್ಚಿಡುವವರ ಕಣ್ಣು. ಬೇರೆಯವರು ಬಚ್ಚಿಡಲಾದರೂ ಬುದ್ಧಿ ಓಡಿಸುತ್ತಾರೆ, ಇವರಿಗೆ ಅದೂ ಇಲ್ಲ. ಮನೆಗೆ ಬಂದು ಫಾರಂ ತುಂಬಿದೆ. ಸೋಫಾ — ಇದೆ. ಫ್ರಿಜ್ — ಇದೆ. ಆದಾಯ ಪತ್ರ ನಂಬುವಂತಿಲ್ಲ. ರಿಜೆಕ್ಟ್. ಎಂಟೂವರೆಗೆ ಮೇಲ್ ಹೋಯಿತು.

ಛತ್ರಿ ಅಲ್ಲೇ ಬಿಟ್ಟು ಬಂದಿದ್ದೇನೆ.

ಜೂನ್ 17, ಮಂಗಳವಾರ

ಛತ್ರಿ ತರಲು ಹೋದೆ. ಫೋನ್ ಮಾಡದೆ.

ಬಾಗಿಲು ತೆರೆದಿತ್ತು. ಸೋಫಾ ಇಲ್ಲ. ಫ್ರಿಜ್ ಇಲ್ಲ. ಒಂದು ಟ್ರಂಕು, ಸುತ್ತಿಟ್ಟ ಚಾಪೆ, ಸ್ಟೌವ್, ಹಗ್ಗದ ಮೇಲೆ ಬಟ್ಟೆ. ಸುಭದ್ರಮ್ಮ ಕೂತು ರೊಟ್ಟಿ ಬಡಿಯುತ್ತಿದ್ದವಳು ನನ್ನ ನೋಡಿ ಬಿಳಿಚಿಕೊಂಡಳು. ಕೈಯ ಹಿಟ್ಟು ಒರೆಸಲೂ ಮರೆತಳು.

ಎಲ್ಲ ಮೇಲಿನ ಮನೆಯ ಓನರ್ ಮುನಿರಾಜ್ ಅವರದಂತೆ. ಸೀರೆ ಅವರ ಹೆಂಡತಿಯದು. ನಾಲ್ಕು ಜನ ಸೇರಿ ಫ್ರಿಜ್ ಕೆಳಗಿಳಿಸಿದರಂತೆ. ನಾನು ಹೋದ ಮೇಲೆ ಮತ್ತೆ ಹತ್ತಿಸಿದರಂತೆ.

"ಯಾಕಮ್ಮಾ?"

"ಹುಡುಗಿ ನೋಡ್ಲಿಕ್ಕ ಮಂದಿ ಬಂದ್ರ ನಮ್ಮ ಕಡೆ ಹಿಂಗ ಮಾಡ್ತೀವ್ರಿ. ನಾಕು ಮನಿಯಾಗ ಇಸ್ಕೊಂಡು ಮನಿ ತುಂಬಸ್ತೀವಿ. ಛಲೋ ಮನಿತನ ಅನ್ಲಿ ಅಂತ. ನೀವೂ ನನ್ನ ಮಗಳನ್ನ ನೋಡ್ಲಿಕ್ಕೇ ಬಂದಿದ್ರಲ್ರಿ."

ನಿನ್ನೆ ಫ್ರಿಜ್ಜಿನ ವೈರು ಪ್ಲಗ್ಗಿಗೆ ಸಿಕ್ಕಿಸಿರಲಿಲ್ಲ. ನಾನದನ್ನು ನೋಡಿದ್ದೆ. ಕರೆಂಟು ಉಳಿಸುವ ಜಿಪುಣರು ಅಂದುಕೊಂಡಿದ್ದೆ.

ಛತ್ರಿ ಕೊಟ್ಟು ಕೈ ಮುಗಿದಳು. "ಇಸ್ಕೊಂಡಿದ್ದು ಅಂತ ಬರೀಬ್ಯಾಡ್ರಿ ಸಾಹೇಬ್ರ. ಸುಳ್ಳ ಹೇಳೋ ಮಂದಿ ಅಂತ ನನ್ನ ಮಗಳಿಗೆ ಕೊಡಾಂಗಿಲ್ಲ."

ಬರೆಯುವುದಿಲ್ಲ ಅಂದೆ.

ಜೂನ್ 18

ಫಹ್ಮಿದಾ ಮೇಡಂಗೆ ಮೇಲ್ ಟೈಪ್ ಮಾಡಿದೆ. 'ಹೊರಮಾವು ರಿಪೋರ್ಟ್ ತಿದ್ದುಪಡಿ' ಅಂತ. ನಾಲ್ಕು ಸಾಲು. ಓದಿದೆ. ಅಳಿಸಿದೆ.

ಸುಭದ್ರಮ್ಮನೇ ಬೇಡ ಅಂದಳಲ್ಲ.

ಜೂನ್ 26, ಗುರುವಾರ

ಫಹ್ಮಿದಾ ಮೇಡಂ. "ಸರ್, ಆ ಶಾಂಭವಿ ಮಾರ್ಕ್ಸ್ ನೋಡಿದ್ರೆ ಬಿಡೋಕೆ ಮನಸ್ಸಾಗ್ತಿಲ್ಲ. ಸ್ವಲ್ಪನಾದ್ರೂ ಡೌಟ್ ಇದ್ಯಾ ನಿಮಗೆ? ಹೇಳಿ, ಸೆಕೆಂಡ್ ವಿಸಿಟ್ ಹಾಕಿಸ್ತೀನಿ. ನಿಮ್ಮ ಮೇಲೇನೂ ಬರಲ್ಲ."

ನನ್ನ ಮೇಲೇನೂ ಬರಲ್ಲ. ಎಷ್ಟು ಸುಲಭವಾಗಿ ಹೇಳುತ್ತಾರೆ.

"ಕಣ್ಣಾರೆ ನೋಡಿದ್ದೀನಿ ಮೇಡಂ. ಡೌಟೇ ಇಲ್ಲ" ಅಂದೆ.



ಜುಲೈ 7, ಸೋಮವಾರ

ಹುಡುಗಿ ಫೋನ್ ಮಾಡಿದಳು. ರಿಜೆಕ್ಟ್ ಮೇಲ್ ಬಂದಿದೆ. ಕಾರಣ: ಮನೆಯಲ್ಲಿರುವ ವಸ್ತುಗಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಛತ್ರಿಗೆ ಅಂತ ಬಂದಾಗ ಮನೆ ಖಾಲಿ ಇದ್ದಿದ್ದು ನೋಡಿದ್ರಂತೆ. ಅಮ್ಮ ಇವತ್ತು ಹೇಳಿದ್ಲು. ಒಂದು ಮಾತು ಆಫೀಸಿಗೆ ಹೇಳ್ಬಿಡಿ ಸರ್. ಇನ್ನು ಮೂರು ದಿನ ಇದೆ."

ಹೇಳಬಹುದಿತ್ತು. ಒಂದು ಫೋನು.

"ನಾನು ಬರೆಯೋಣ ಅಂತಾನೇ ಇದ್ದೆ ಕಣಮ್ಮ. ನಿಮ್ಮ ತಾಯಿನೇ ಬೇಡ ಅಂದ್ರು. ಕೈ ಮುಗಿದು ಕೇಳ್ಕೊಂಡ್ರು."

ಫೋನ್ ಕಟ್ ಆಯಿತು.

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೂರು ಸಲ ಯೋಚನೆ ಮಾಡಿ ನೋಡಿದೆ.

ಜುಲೈ 10

ಇವತ್ತು ಫೀಸು ಕಟ್ಟಲು ಕಡೇ ದಿನ. ಐದು ಗಂಟೆವರೆಗೆ. ನಾಲ್ಕಕ್ಕೆ ಫೋನ್ ಕೈಗೆ ತಗೊಂಡು ಹೊರಗೆ ಕೂತಿದ್ದೆ.

ಐದೂಕಾಲಿಗೆ ವಾಕಿಂಗ್ ಹೋದೆ.

ಜುಲೈ 13, ಭಾನುವಾರ. ಮಧ್ಯಾಹ್ನ 12.40

ಸುಭದ್ರಮ್ಮ ಬಂದಿದ್ದಳು. ಇಲ್ಲಿಗೆ, ಜೀವನ್ ಬಿಮಾ ನಗರಕ್ಕೆ. ಎರಡು ಬಸ್ಸು ಬದಲಿಸಿ, ಮೂರು ಕಡೆ ವಿಳಾಸ ಕೇಳಿಕೊಂಡು. ಕೈಯಲ್ಲಿ ಬಟ್ಟೆ ಸುತ್ತಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಬೈಯಲು ಬಂದಿದ್ದಾಳೆ ಅಂದುಕೊಂಡೆ. ಉತ್ತರ ಸಿದ್ಧ ಮಾಡಿಕೊಂಡೆ.

ಸೀಟಿನ ಮಾತೇ ಎತ್ತಲಿಲ್ಲ. "ಮಗಳು ನನ್ನ ಕೂಡ ಮಾತಾಡವಲ್ಲಳ್ರಿ. ಆರು ದಿನ ಆತು. ನಾ ಮಾಡಿದ್ದು ಉಣ್ಣವಲ್ಲಳು. ನೀನೇ ನನ್ನ ಹಾಳ ಮಾಡಿದಿ ಅಂತಾಳ. ನೀವ ಒಂದು ಮಾತ ಹೇಳ್ರಿ ಸಾಹೇಬ್ರ. ನಿಮ್ಮವ್ವಂದು ತಪ್ಪಿಲ್ಲ ಅಂತ. ಓದಿದೋರ ಮಾತು ಕೇಳ್ತಾಳ."

ಫೋನ್ ಹಚ್ಚಿದೆ. ಶಾಂಭವಿ ಎತ್ತಿದಳು. ತಾಯಿ ನನ್ನ ಬಾಯನ್ನೇ ನೋಡುತ್ತಿದ್ದಳು.

ತಪ್ಪು ಅವಳದಲ್ಲ ಅಂದರೆ, ಮತ್ತೆ ಯಾರದು ಅಂತ ಹುಡುಗಿ ಕೇಳುತ್ತಾಳೆ. ಸ್ಟಾಟಿಸ್ಟಿಕ್ಸ್ ಓದುವವಳು.

ಇಂಗ್ಲಿಷಿನಲ್ಲಿ ಮಾತಾಡಿದೆ. ನಿಮ್ಮಮ್ಮ ಇಲ್ಲಿ ಬಂದು ತಪ್ಪು ಒಪ್ಪಿಕೊಂಡಿದ್ದಾರೆ, ಪಾಪ ಓದಿಲ್ಲದವರು, ಕ್ಷಮಿಸಿಬಿಡು ಅಂದೆ. ಮೃದುವಾಗಿ ಹೇಳಿದೆ. ಅವಳು ಫೋನ್ ಇಟ್ಟಳು.

"ಏನಂದಳ್ರಿ?"

ಸಿಟ್ಟು ಇಳಿದಿದೆ, ಮನೆಗೆ ಹೋಗಿ ಅಂದೆ. ನನ್ನ ಕಾಲು ಮುಟ್ಟಿದಳು. ನಾನು ಹಿಂದೆ ಸರಿಯಲಿಲ್ಲ. ಈ ಹೊತ್ತಿಗೆ ಹೊರಮಾವಿನ ಬಸ್ಸಲ್ಲಿ ಇರಬೇಕು, ಮಗಳು ಮಾತಾಡುತ್ತಾಳೆ ಅಂದುಕೊಂಡು.

ಶಾಂಭವಿ ಫೋನ್ ಮಾಡುತ್ತಿದ್ದಾಳೆ. ಇದು ಮೂರನೇ ಸಲ. ರಿಂಗ್ ನಿಂತ ಮೇಲೆ ಈ ನಂಬರನ್ನ ಬ್ಲಾಕ್ ಮಾಡಬೇಕು.