ಹತ್ತು ವರ್ಷದ ಮಂತ್ರ

ಯರಗುಪ್ಪಿ
೧೨-೯-೧೯೮೭

ಪ್ರಿಯ ಮಡಿವಾಳೆಪ್ಪ,

ನಿಮ್ಮ ಮಾವ ಪುಣೆಯಿಂದ ತಂದ ಆಟದ ಪುಸ್ತಕವನ್ನು ನೀನು ಪಂಚಾಂಗಕ್ಕಿಂತ ಭಕ್ತಿಯಿಂದ ಓದುತ್ತೀ. ಅದರ ನಿಯಮ ಓದಿ ನಮ್ಮನ್ನು ಆಡಿಸುವವನೂ ನೀನೇ. ಅದಕ್ಕೇ ಈ ಕಾಗದ.

ನಾನು ಮೂರು ವರ್ಷ ಕವಡಿ ಎಸೆದ ಮೇಲೆ, ಆಟದಲ್ಲಿ ನನ್ನ ಪಾತ್ರವಾದ ಮಾಂತ್ರಿಕ ಮೇಲಿನ ಮೆಟ್ಟಿಲಿಗೆ ಬಂದಿದ್ದಾನೆ. ಈಗ ಒಂದು ಹೊಸ ಮಂತ್ರ ಆರಿಸಬೇಕು. ಬೆಂಕಿಯ ಮಂತ್ರಕ್ಕೆ ಅರ್ಧ ಶಕ್ತಿ ಹೋಗುತ್ತದೆ. ತನ್ನ ಆಯುಷ್ಯದ ಹತ್ತು ವರ್ಷವನ್ನು ಇನ್ನೊಬ್ಬರಿಗೆ ಕೊಡುವ ಮಂತ್ರಕ್ಕೆ ಇದ್ದಬದ್ದ ಶಕ್ತಿಯೆಲ್ಲ ಹೋಗಿ, ಅವನು ಮತ್ತೆ ಒಂದನೇ ಇಯತ್ತೆಗೆ ಬಂದು ಕೂಡುತ್ತಾನೆ.

ಕಳೆದ ಸಲದ ಆಟದಲ್ಲಿ ಕಸ್ತೂರಕ್ಕನ ರಾಣಿ ವಿಷದ ಬಾಣ ತಗುಲಿ ಬಿದ್ದಳಲ್ಲ. ನಿನ್ನೆ ಅಕ್ಕ ಹಾಸಿಗೆಯಿಂದಲೇ, "ನನ್ನ ರಾಣಿ ಸಾಯ್ಲಿ ಬಿಡಲೇ. ನೀ ಬೆಂಕಿ ಮಂತ್ರಾ ತೊಗೊ. ಒಲಿ ಹಚ್ಚಾಕ ಬರದಾವಗ ಇದಾದ್ರೂ ಬರ್ಲಿ," ಎಂದಳು. ಇಬ್ಬರೂ ನಕ್ಕೆವು. ನಕ್ಕರೆ ಅವಳಿಗೆ ಕೆಮ್ಮು ಹೆಚ್ಚಾಗುತ್ತದೆ.

ನಾನು ಎರಡನೆಯ ಮಂತ್ರ ಆರಿಸಿದ್ದೇನೆ. ಪಡೆಯುವವರು ಒಪ್ಪಬೇಕು ಎಂಬ ಸಾಲು ಪುಸ್ತಕದಲ್ಲಿದೆ. ಅಕ್ಕ ಒಪ್ಪುವುದಿಲ್ಲ. ಅದೊಂದು ಸಾಲನ್ನು ನೀನು ಓದಬೇಡ.

ದೀಪಾವಳಿಗೆ ಆಡೋಣ ಎಂದಿದ್ದೆವು. ಅಷ್ಟು ದೂರದ ಮಾತು ಬೇಡ ಎಂದರು ಡಾಕ್ಟರು. ಈ ಗುರುವಾರವೇ ಬಾ. ಕವಡಿ ಮರೆಯಬೇಡ; ಎಡಗೈಯಲ್ಲಿ ಅವಳು ಇನ್ನೂ ಎಸೆಯಬಲ್ಲಳು.

ನಿನ್ನ ಮಾಜಿ ಮಾಂತ್ರಿಕ,
ಶಂಕ್ರಪ್ಪ