ಸಾಸಿವೆಯಷ್ಟು ಕೆಂಪು ಚುಕ್ಕೆ

ನವೆಂಬರ್ 8, ಶನಿವಾರ

ಬೆಳಿಗ್ಗೆ ಮತ್ತೆ ಅದೇ. ಎಬರ್‌ಹಾರ್ಡ್‌ನ ಬಲಗಾಲಿಗೆ ಸಾಕ್ಸ್ ಹಾಕುವಷ್ಟರಲ್ಲಿ ಎಡಗಾಲಿನದು ಕಿತ್ತಿರುತ್ತಾನೆ. ಇವತ್ತು ಅವನ ಲೆಕ್ಕದಲ್ಲಿ ನಾನು ಅವನ ಅಕ್ಕ. ಇರಲಿ... ಇವನು ಗಂಡ ಅಂತ ನಾನಾದರೂ ನೆನಪಿಟ್ಟುಕೊಂಡಿದ್ದೇನಲ್ಲ.

ಕೈಗೆ ಹಳೇ ಆಟದ ರೈಲು ಕೊಟ್ಟರೆ ಮಾತ್ರ ಮನುಷ್ಯನೇ ಬೇರೆ. ಕೊಂಡಿ ನೋಡಿ ಯಾವ ಕಾಲದ್ದು ಅನ್ನುತ್ತಾನೆ, ಅಂಗೈಯಲ್ಲಿ ತೂಗಿ ಬೆಲೆ ಕಟ್ಟುತ್ತಾನೆ. ಸ್ಟುಟ್‌ಗಾರ್ಟ್‌ನಿಂದ ಈಚೆಯ ಊರುಗಳಿಗೆಲ್ಲ ಇವನ ಮಾತೇ ಕೊನೆ. ಈಚೆಗೆ ತಪ್ಪುತ್ತಾನೆ. ಬಂದವರನ್ನು ಕಳಿಸುವಾಗ ಬಾಗಿಲ ಬಳಿ ನಾನೇ ಗುಟ್ಟಾಗಿ ತಿದ್ದುತ್ತೇನೆ.

ಮಧ್ಯಾಹ್ನ ಹನ್ನೆಲೋರೆ ಬಂದಳು. ತೀರಿಕೊಂಡ ಗಂಡನ ಹಸಿರು ಆಟದ ಎಂಜಿನ್ ಮಾರಬೇಕಂತೆ. ಯುದ್ಧಕ್ಕೆ ಮುಂಚಿನದು. ಕೊಳ್ಳುವವನು ಬಸ್ ಡ್ರೈವರ್ ರಾಪ್, ಅವನೂ ಜೊತೆಗೇ.

ಎಬರ್‌ಹಾರ್ಡ್ ಎಂಜಿನ್ ಬೆಳಕಿಗೆ ಹಿಡಿದ. "ಕಾರ್ಖಾನೆ ಬಣ್ಣಾನೇ ಕಣ್ರೀ. ಒಂದು ಗೀರಿಲ್ಲ. ಎರಡು ಸಾವಿರ ಯೂರೋ, ಕಣ್ಮುಚ್ಕೊಂಡು ಕೊಡಿ."

"ನಿಮ್ ಬಾಯಲ್ಲಿ ಬಂತಲ್ಲ, ಮುಗೀತು ಬಿಡಿ," ಅಂದ ರಾಪ್. "ಹೆಂಡ್ತಿಗೆ ಮಾತ್ರ ಇನ್ನೂರು ಅಂತ ಹೇಳ್ತೀನಿ."

"ನಮ್ಮನೆಯವ್ರೂ ನಂಗೆ ಹಾಗೇ ಹೇಳ್ತಿದ್ರು, ಪುಣ್ಯಾತ್ಮ," ಅಂದಳು ಹನ್ನೆಲೋರೆ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಹಸಿರು ನನಗೆ ಗೊತ್ತು — ವರ್ಷಗಳ ಹಿಂದೆ ನನ್ನ ಓವನ್‌ನಲ್ಲೇ ಒಣಗಿದ್ದು. ತುಕ್ಕು ತಿಂದ ಎಂಜಿನ್ ತಂದಿದ್ದವನು ಹನ್ನೆಲೋರೆಯ ಗಂಡ. ಹೊಸ ಬಣ್ಣ ಬಳಿದವನು ಎಬರ್‌ಹಾರ್ಡ್. ವಾರವೆಲ್ಲ ನಮ್ಮ ಕೇಕ್‌ಗೂ ಬಣ್ಣದ ವಾಸನೆ. ಮತ್ತೆ ಬಳಿದದ್ದಕ್ಕೆ ಮುನ್ನೂರು ಸಿಕ್ಕರೆ ಹೆಚ್ಚು.

ಬಾಗಿಲ ಬಳಿ ರಾಪ್‌ಗೆ ನಿಜ ಹೇಳಲು ಬಾಯಿ ಬರಲಿಲ್ಲ. ಹನ್ನೆಲೋರೆ ಎದುರಿಗೇ ಇದ್ದಳು. ಬರುವ ಶನಿವಾರ ದುಡ್ಡು ಕೊಡುತ್ತಾನಂತೆ. ಅಲ್ಲಿಯವರೆಗೆ ಎಂಜಿನ್ ನಮ್ಮಲ್ಲೇ.

ನವೆಂಬರ್ 9

ಸುಸ್ತು. ಹೇಳಿದರೆ, ಇವನ ಬೆಲೆ ಕಟ್ಟುವ ಕಣ್ಣು ಹೋಯಿತು ಅಂತ ಊರಿಗೆಲ್ಲ ತಿಳಿಯುತ್ತದೆ. ಆಮೇಲೆ ಯಾರೂ ರೈಲಿನ ಪೆಟ್ಟಿಗೆ ಹಿಡಿದು ಬರುವುದಿಲ್ಲ. ಹಾಸಿಗೆ ಬಿಟ್ಟು ಏಳಲು ಇವನಿಗೆ ಇರುವುದು ಅದೊಂದೇ ನೆಪ. ಹೇಳದಿದ್ದರೆ ರಾಪ್...

ನವೆಂಬರ್ 14, ಶುಕ್ರವಾರ

ರಾಪ್ ಫೋನ್ ಮಾಡಿದ್ದ. ಮೋಟರ್‌ಸೈಕಲ್ ಮಾರಿ ದುಡ್ಡು ಹೊಂದಿಸಿದನಂತೆ. ಕ್ರಿಸ್ಮಸ್ ಮರದ ಸುತ್ತ ಮೊಮ್ಮಗಳಿಗೆ ಎಂಜಿನ್ ಓಡಿಸಿ ತೋರಿಸಬೇಕಂತೆ.

ಒಲೆಯ ಮೇಲಿನ ಬೇಳೆ ತಳ ಹತ್ತಿತು.

ನವೆಂಬರ್ 15, ಶನಿವಾರ

ಇಬ್ಬರೂ ಬಂದರು. ಕಾಫಿ ಕೊಟ್ಟೆ. ಎಂಜಿನ್ ತಲೆಕೆಳಗು ಮಾಡಿ ಎಬರ್‌ಹಾರ್ಡ್‌ನ ಕೈಗಿಟ್ಟೆ. "ಹಿಂದಿನ ಚಕ್ರದ ಹತ್ರ ಸ್ವಲ್ಪ ಬೆರಳಾಡಿಸು."

ಆ ಕಾಲದಲ್ಲಿ ಇವನು ತಾನು ಬಣ್ಣ ಬಳಿದ ಪ್ರತಿಯೊಂದಕ್ಕೂ ತಳದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಇಡುತ್ತಿದ್ದ. ಮುಂದೆ ಯಾರೂ ಮೋಸಹೋಗಬಾರದು ಅಂತ.

ಬೆರಳು ನಿಂತಿತು. ಕನ್ನಡಕ ಏರಿಸಿದ. "ಮತ್ತೆ ಬಳಿದದ್ದು. ಮುನ್ನೂರು. ಒಂದು ಸೆಂಟ್ ಹೆಚ್ಚಿಲ್ಲ."

"ಹೋದ ವಾರ ಎರಡು ಸಾವಿರ ಅಂದ್ರಲ್ಲ!" ಅಂದಳು ಹನ್ನೆಲೋರೆ.

"ಯಾವನೇ ಅವನು ಹಾಗಂದ ದಡ್ಡ?" ಅಂದ ಎಬರ್‌ಹಾರ್ಡ್.

ರಾಪ್ ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. ಹನ್ನೆಲೋರೆಯೂ ನೋಡಿದಳು, ನಿಟ್ಟುಸಿರು ಬಿಟ್ಟಳು. "ನಮ್ಮನೆಯವ್ರು ಸತ್ತ್ ಮೇಲೂ ಸುಳ್ಳು ಹೇಳೋದು ಬಿಡಲಿಲ್ಲ ನೋಡಿ."

ರಾಪ್ ಮುನ್ನೂರು ಎಣಿಸಿದ. ಕೋಟು ಹಾಕಿಕೊಳ್ಳುತ್ತ, "ನಮ್ಮ ಅಟ್ಟದ ಮೇಲೆ ಇನ್ನೊಂದು ಪೆಟ್ಟಿಗೆ ಇದೆ. ಬರೋ ಶನಿವಾರ ನೋಡ್ಕೊಡ್ತೀರಾ?" ಅಂದ. ಕೇಳಿದ್ದು ಎಬರ್‌ಹಾರ್ಡ್‌ನನ್ನು. ನೋಡಿದ್ದು ನನ್ನ ಕಡೆ.

ಎಬರ್‌ಹಾರ್ಡ್ ಎಂಜಿನ್ ಬಿಡಲೊಲ್ಲ. "ಆದ್ರೆ ಎಂಥಾ ಕೈ ನೋಡೇ ಈ ಬಣ್ಣ ಬಳಿದವನ್ದು! ಕಾರ್ಖಾನೆಯವ್ರೂ ಹೀಗೆ ಬಳಿದಿರಲ್ಲ. ಇದಾನಾ ಇನ್ನೂ?"

"ಇದಾನೆ," ಅಂದೆ.

"ಒಂದ್ಸಲ ಕರ್ಕೊಂಡ್ ಬಾ."

ಊಟಕ್ಕೆ ಮುಂಚೆ ಅವನ ಕೈ ತೊಳೆಸಬೇಕು. ಆ ಕೈ — ಎಂಜಿನ್‌ಗೆ ಹಸಿರು ಬಳಿದ ಅದೇ ಕೈ.