ಚುಕ್ಕೆ ಮೇಲೇ ಇರಲಿ

ಅಪ್ಪಾ,

ಟಲ್ಸಾದ ಹಾವಿನ ಮೇಳಕ್ಕೆ ಹೊರಟಿದ್ದೇನೆ, ನಾಡಿದ್ದು ಬರುತ್ತೇನೆ. ಕಾವುಪೆಟ್ಟಿಗೆಯಲ್ಲಿರುವ ಆರು ಹೆಬ್ಬಾವಿನ ಮೊಟ್ಟೆಗಳನ್ನು ಮುಟ್ಟಬೇಡ. ಹೋದ ವರ್ಷ ನೀನು ಕೋಳಿಮೊಟ್ಟೆಯ ಹಾಗೆ ದಿನಾ ತಿರುಗಿಸಿಟ್ಟು, ಪ್ರೀತಿಯಿಂದಲೇ ಎಲ್ಲವನ್ನೂ ಸಾಯಿಸಿದೆ. ಹಾವಿನ ಮೊಟ್ಟೆ ಇಟ್ಟ ಹಾಗೇ ಇರಬೇಕು. ಅದಕ್ಕೇ ಈ ಸಲ ಒಂದೊಂದರ ನೆತ್ತಿಗೂ ಪೆನ್ಸಿಲ್ ಚುಕ್ಕೆ ಇಟ್ಟಿದ್ದೇನೆ.

ಫ್ರೀಜರಿನಲ್ಲಿ ಎಡಕ್ಕಿರುವುದು ಹಾವುಗಳ ಇಲಿ. ನಿನ್ನ ಊಟ ಬಲಕ್ಕಿದೆ.

"ಕಂದು ಹಾವಿಗೆ ಕಂದು ಹಾವು ಜೋಡಿ ಮಾಡಿದ್ರೆ ಬಿಳಿ ಮರಿ ಎಲ್ಲಿಂದ ಬರುತ್ತೆ?" ಅಂತ ಚರ್ಚಿನವರ ಮುಂದೆ ನಕ್ಕೆಯಲ್ಲ. ಎರಡರ ತಾಯಂದಿರೂ ಬಿಳಿ. ಆ ಬಣ್ಣ ಇವುಗಳೊಳಗೆ ಅಡಗಿ ಕೂತಿದೆ. ಈ ಸಲ ಬರದಿದ್ದರೆ ಮುಂದಿನ ವರ್ಷವೂ ಜೋಡಿ ಮಾಡುತ್ತೇನೆ, ಅದರ ಮುಂದಿನ ವರ್ಷವೂ.

ನಿನಗೂ ಅಮ್ಮನಿಗೂ ಕಪ್ಪು ಕೂದಲು. ನನ್ನ ಕೆಂಪು ಕೂದಲು ನೋಡಿ ಜನ ಗುಸುಗುಸು ಅಂದಾಗ, "ಇದು ನನ್ನಜ್ಜಿಯದು" ಅಂತ ಎಲ್ಲರ ಬಾಯಿ ಮುಚ್ಚಿಸಿದವನು ನೀನೇ.

ಡಾರ್ಲೀನ್